ಓದುಗರ ಪ್ರಶ್ನೆಗಳಿಗೆ ಉತ್ತರ: ಐದು ವಾರ ಬಾಳಿದ ಕಾಕಸಸ್ ಗಣರಾಜ್ಯ

ಪ್ರಶ್ನೆ: ಕಳೆದ ಸಂಚಿಕೆಯ ಈ ಅಂಕಣದಲ್ಲಿ, ‘1918ರಲ್ಲಿ ಕಪ್ಪು ಸಮುದ್ರಕ್ಕೂ ಕ್ಯಾಸ್ಪಿಯನ್ ಸಮುದ್ರಕ್ಕೂ ನಡುವೆ ಐದು ವಾರ ಮಾತ್ರ ಬಾಳಿದ ಗಣರಾಜ್ಯವೊಂದಿತ್ತು, ಅದರ ನಾಯಕರಲ್ಲಿ ಹಲವರಿಗೆ ಸ್ವಾತಂತ್ರ್ಯವೇ ಬೇಕಿರಲಿಲ್ಲ’ ಎಂದು ಬರೆದಿದ್ದೀರಿ. ಬೇಡದ ಸ್ವಾತಂತ್ರ್ಯವನ್ನು ಯಾರಾದರೂ ತಾವಾಗಿ ಘೋಷಿಸಿಕೊಳ್ಳುತ್ತಾರೆಯೇ? ದಯವಿಟ್ಟು ವಿವರಿಸಿ. (ಇತಿಹಾಸದ ಸ್ನಾತಕೋತ್ತರ ವಿದ್ಯಾರ್ಥಿನಿ)

ಉತ್ತರ: ಅಷ್ಟು ದೊಡ್ಡ ಮಾತನ್ನು ಎರಡು ಸಾಲಿನಲ್ಲಿ ಹೇಳಿ ಮುಗಿಸಿದ್ದು ನಮ್ಮ ತಪ್ಪು. ನಿಮ್ಮಂತೆಯೇ ಇನ್ನೂ ನಾಲ್ವರು ಬರೆದಿರುವುದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಈ ವಿಷಯಕ್ಕೇ ಮೀಸಲಿಟ್ಟಿದ್ದೇವೆ.

ಆ ರಾಜ್ಯದ ಪೂರ್ಣ ಹೆಸರು ಟ್ರಾನ್ಸ್‌ಕಾಕೇಸಿಯನ್ ಪ್ರಜಾಸತ್ತಾತ್ಮಕ ಒಕ್ಕೂಟ ಗಣರಾಜ್ಯ. ಅದು 1918ರ ಏಪ್ರಿಲ್ 22ರಂದು, ಹಳೆಯ ಜೂಲಿಯನ್ ಪಂಚಾಂಗದ ಲೆಕ್ಕದಲ್ಲಿ ಏಪ್ರಿಲ್ 9ರಂದು, ಇಂದು ಟಿಬಿಲಿಸಿ ಎನಿಸಿಕೊಂಡಿರುವ ಟಿಫ್ಲಿಸ್ ನಗರದಲ್ಲಿ ಹುಟ್ಟಿತು. ಮೇ 26ರಂದು ಅದೇ ನಗರದಲ್ಲಿ ಕೊನೆಗೊಂಡಿತು. ಇಂದಿನ ಜಾರ್ಜಿಯಾ, ಆರ್ಮೇನಿಯಾ ಮತ್ತು ಅಜರ್‌ಬೈಜಾನ್ ದೇಶಗಳ ಜನರು ಅದರ ಮೂರು ಮುಖ್ಯ ಸಮುದಾಯಗಳು. ಅವರ ನಡುವೆ ರಷ್ಯನ್ನರೂ ಬೆಟ್ಟಗಾಡಿನ ಇತರ ಹಲವು ಜನಾಂಗಗಳೂ ಬೆರೆತು ಬದುಕಿದ್ದವು. ಟಿಫ್ಲಿಸ್ ಜಾರ್ಜಿಯನ್ನರ ನಾಡಿನ ನಡುವಣ ಊರಾದರೂ 1897ರ ಜನಗಣತಿಯಲ್ಲಿ ಅಲ್ಲಿ ಆರ್ಮೇನಿಯನ್ನರ ಸಂಖ್ಯೆಯೇ ಎಲ್ಲರಿಗಿಂತ ಹೆಚ್ಚಾಗಿತ್ತು ಎಂಬ ಒಂದು ಸಂಗತಿಯಿಂದಲೇ ಈ ಬೆರಕೆ ಎಂಥದು ಎಂದು ಊಹಿಸಿಕೊಳ್ಳಬಹುದು.

1917ರ ಮಾರ್ಚ್‌ನಲ್ಲಿ ರಷ್ಯದ ಚಕ್ರವರ್ತಿ ಎರಡನೆಯ ನಿಕೊಲಾಸ್ ಸಿಂಹಾಸನ ತ್ಯಜಿಸಿದಾಗ ಕಾಕಸಸ್‌ನಲ್ಲಿದ್ದ ಚಕ್ರವರ್ತಿಯ ಪ್ರತಿನಿಧಿಯ ಆಡಳಿತವೂ ಮುಗಿಯಿತು. ಆಗಲೂ ಅಲ್ಲಿನ ಪ್ರಮುಖ ನಾಯಕರು ಬಯಸಿದ್ದು ಹೊಸ ಪ್ರಜಾಸತ್ತಾತ್ಮಕ ರಷ್ಯದೊಳಗೆ ಸ್ವಾಯತ್ತತೆಯನ್ನು ಮಾತ್ರ. ಜಾರ್ಜಿಯನ್ನರ ನಡುವೆ ಪ್ರಬಲವಾಗಿದ್ದ ಮೆನ್ಷೆವಿಕ್ ಪಕ್ಷದವರು, ಅಂದರೆ ರಷ್ಯದ ಸಮಾಜವಾದಿಗಳಲ್ಲಿ ಮಂದಗಾಮಿ ಬಣದವರು, ತಮ್ಮನ್ನು ಮೊದಲು ಸಮಾಜವಾದಿಗಳೆಂದೂ ಆಮೇಲೆ ಜಾರ್ಜಿಯನ್ನರೆಂದೂ ತಿಳಿದವರು. ಅವರಲ್ಲಿ ನಿಕೊಲಾಯ್ ಚ್ಖೀಡ್ಜೆ, ಇರಾಕ್ಲಿ ತ್ಸೆರೆತೆಲಿ ಮುಂತಾದವರು ಆಗಿನ ರಷ್ಯದ ರಾಜಧಾನಿ ಪೆಟ್ರೊಗ್ರಾಡ್‌ನ ರಾಜಕೀಯದಲ್ಲೇ ಮುಂಚೂಣಿಯಲ್ಲಿದ್ದರು. ಆರ್ಮೇನಿಯನ್ನರ ದಾಶ್ನಾಕ್ ಪಕ್ಷಕ್ಕಂತೂ ರಷ್ಯದ ಸೇನೆ ಹಿಂದೆ ಸರಿಯುವುದು ಎಂದರೆ ಪ್ರಾಣಭಯ, ಏಕೆಂದರೆ 1915ರಲ್ಲಿ ಒಟ್ಟೊಮನ್ ಸಾಮ್ರಾಜ್ಯದಲ್ಲಿ ಆರಂಭವಾದ ನರಮೇಧದಿಂದ ತಪ್ಪಿಸಿಕೊಂಡು ಬಂದ ನಿರಾಶ್ರಿತರು ಅವರ ಊರುಗಳಲ್ಲಿ ತುಂಬಿಕೊಂಡಿದ್ದರು.

1917ರ ನವೆಂಬರ್‌ನಲ್ಲಿ ಲೆನಿನ್ ನೇತೃತ್ವದ ಬೊಲ್ಷೆವಿಕರು ಅಧಿಕಾರ ಹಿಡಿದ ಮೇಲೆ ಎಲ್ಲವೂ ತಲೆಕೆಳಗಾಯಿತು. ಟಿಫ್ಲಿಸ್‌ನ ಪಕ್ಷಗಳು ಆ ಸರ್ಕಾರವನ್ನು ಒಪ್ಪದೆ ಯೆವ್ಗೆನಿ ಗೆಗೆಚ್ಕೊರಿಯ ಅಧ್ಯಕ್ಷತೆಯಲ್ಲಿ ತಾತ್ಕಾಲಿಕ ಆಡಳಿತ ಮಂಡಳಿಯೊಂದನ್ನು ರಚಿಸಿಕೊಂಡವು. ಪೆಟ್ರೊಗ್ರಾಡ್‌ನಲ್ಲಿ ಸಂವಿಧಾನ ಸಭೆಯು 1918ರ ಜನವರಿಯಲ್ಲಿ ಒಮ್ಮೆ ಸೇರಿದ್ದೇ ತಡ, ಬೊಲ್ಷೆವಿಕರು ಅದನ್ನು ಚದುರಿಸಿಬಿಟ್ಟರು. ಆಗ ಆ ಸಭೆಗೆಂದು ಕಾಕಸಸ್‌ನಿಂದ ಆರಿಸಿಬಂದವರೇ ಊರಿಗೆ ಮರಳಿ, ಮತಗಳ ಪ್ರಮಾಣಕ್ಕೆ ತಕ್ಕಂತೆ ಸದಸ್ಯರ ಸಂಖ್ಯೆಯನ್ನು ಹೆಚ್ಚಿಸಿಕೊಂಡು, ಫೆಬ್ರವರಿ 23ರಂದು ‘ಸೇಮ್’ ಎಂಬ ಶಾಸನಸಭೆಯಾಗಿ ಕುಳಿತರು. ಚ್ಖೀಡ್ಜೆ ಅದರ ಅಧ್ಯಕ್ಷರಾದರು. ಅಷ್ಟಾದರೂ ತಾವು ರಷ್ಯದ ಒಂದು ಭಾಗವೆಂಬ ಮಾತನ್ನು ಅವರು ಕೈಬಿಟ್ಟಿರಲಿಲ್ಲ. ಗಡಿಯಲ್ಲಿದ್ದ ರಷ್ಯದ ಲಕ್ಷಾಂತರ ಸೈನಿಕರು ಮಾತ್ರ ಯಾರ ಅಪ್ಪಣೆಗೂ ಕಾಯದೆ, ಹಳ್ಳಿಯಲ್ಲಿ ಜಮೀನು ಹಂಚಿಕೆಯಾಗುತ್ತಿದೆಯೆಂಬ ಸುದ್ದಿ ಕೇಳಿ, ಬಂದೂಕಿನ ಸಮೇತ ರೈಲು ಹತ್ತಿ ಊರಿಗೆ ಹೊರಟುಹೋಗಿದ್ದರು.

ನಿಮ್ಮ ಪ್ರಶ್ನೆಯ ಗಂಟು ಇರುವುದು ಇದರ ಮುಂದಿನ ಘಟ್ಟದಲ್ಲಿ. ಮಹಾಯುದ್ಧದಿಂದ ಹೊರಬರಲು ಜರ್ಮನಿ ಮತ್ತು ಅದರ ಮಿತ್ರರೊಡನೆ ಮಾಡಿಕೊಂಡ 1918ರ ಮಾರ್ಚ್ 3ರ ಬ್ರೆಸ್ಟ್-ಲಿಟೋವ್ಸ್ಕ್ ಒಪ್ಪಂದದಲ್ಲಿ ಬೊಲ್ಷೆವಿಕ್ ಸರ್ಕಾರವು ಕಾರ್ಸ್, ಅರ್ದಹಾನ್ ಮತ್ತು ಬಾತುಮ್ ಪ್ರದೇಶಗಳನ್ನು ಬಿಟ್ಟುಕೊಟ್ಟಿತು. 1877-78ರ ಯುದ್ಧದಲ್ಲಿ ರಷ್ಯ ಒಟ್ಟೊಮನ್ ತುರ್ಕರಿಂದ ಕಿತ್ತುಕೊಂಡಿದ್ದ ಈ ಪ್ರದೇಶಗಳ ಮೇಲೆ ತುರ್ಕರ ಕಣ್ಣು ನಲವತ್ತು ವರ್ಷಗಳಿಂದಲೂ ಇತ್ತು. ಟಿಫ್ಲಿಸ್‌ನವರನ್ನು ಯಾರೂ ಕೇಳಿರಲಿಲ್ಲ. ಮಾರ್ಚ್ 14ರಂದು ಕಪ್ಪು ಸಮುದ್ರ ತೀರದ ಟ್ರೆಬಿಜಾಂಡ್‌ನಲ್ಲಿ ತುರ್ಕರೊಡನೆ ಸಂಧಾನ ಆರಂಭವಾದಾಗ ಅಕಾಕಿ ಚ್ಖೆಂಕೆಲಿಯ ನೇತೃತ್ವದ ಕಾಕಸಸ್ ನಿಯೋಗವು, ತಾವು ಸಹಿ ಹಾಕದ ಬ್ರೆಸ್ಟ್ ಒಪ್ಪಂದ ತಮ್ಮನ್ನು ಕಟ್ಟಿಹಾಕದು ಎಂದು ವಾದಿಸಿತು. ರೌಫ್ ಬೇ ನೇತೃತ್ವದ ತುರ್ಕಿ ನಿಯೋಗದ ಪ್ರತಿವಾದ ಬಹಳ ಸರಳವಾಗಿತ್ತು: ನೀವು ರಷ್ಯದ ಭಾಗವಾಗಿದ್ದರೆ ರಷ್ಯ ಹಾಕಿದ ಸಹಿ ನಿಮ್ಮ ಸಹಿಯೂ ಹೌದು, ರಷ್ಯದ ಭಾಗವಲ್ಲವಾದರೆ ಹಾಗೆಂದು ಜಗತ್ತಿಗೆ ಸಾರಿ, ಆಮೇಲೆ ಮಾತಿಗೆ ಬನ್ನಿ. ಟಿಫ್ಲಿಸ್‌ನವರು ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಂತಾದರು. ಈ ವಾದವನ್ನು ಬರಿಯ ಕುತರ್ಕವೆಂದು ತಳ್ಳಿಹಾಕುವ ಬರಹಗಳುಂಟು. ನಮ್ಮ ಮಟ್ಟಿಗೆ ಅದು ತರ್ಕವಾಗಿ ಸರಿಯೇ ಇತ್ತು. ಅದರ ಬೆನ್ನಿಗೆ ಒಂದು ಸೇನೆ ಮುಂದೊತ್ತಿ ಬರುತ್ತಿತ್ತು ಎಂಬುದಷ್ಟೇ ವ್ಯತ್ಯಾಸ.

ಚ್ಖೆಂಕೆಲಿ ಏಪ್ರಿಲ್ 10ರಂದು ಬ್ರೆಸ್ಟ್ ಒಪ್ಪಂದವನ್ನೇ ಮಾತುಕತೆಗೆ ಆಧಾರವಾಗಿ ಒಪ್ಪಿಕೊಂಡರು. ಅದನ್ನು ಕೇಳಿ ಕೆರಳಿದ ಸೇಮ್, ನಾಲ್ಕು ದಿನಗಳ ಬಳಿಕ ತನ್ನದೇ ನಿಯೋಗವನ್ನು ಹಿಂದಕ್ಕೆ ಕರೆಸಿಕೊಂಡು ಯುದ್ಧವನ್ನು ಘೋಷಿಸಿತು. ಹೆಚ್ಚುಕಡಿಮೆ ಅದೇ ಗಳಿಗೆಯಲ್ಲಿ ಬಾತುಮ್ ಬಂದರು ತುರ್ಕರ ವಶವಾಯಿತು. ಹೋರಾಡಲು ಸೇನೆಯೇ ಇಲ್ಲದವರು ಯುದ್ಧ ಸಾರಿ ಎಂಟು ದಿನಕ್ಕೆ, ಅಂದರೆ ಏಪ್ರಿಲ್ 22ರಂದು, ಸ್ವಾತಂತ್ರ್ಯವನ್ನು ಸಾರಿದರು. ಅದುವರೆಗೆ ಪ್ರತ್ಯೇಕತೆಯನ್ನು ವಿರೋಧಿಸಿಕೊಂಡು ಬಂದಿದ್ದ ಮೆನ್ಷೆವಿಕರೇ ಗೊತ್ತುವಳಿ ಮಂಡಿಸಿದರು. ಮುಸ್ಲಿಂ ಸದಸ್ಯರು ಸಂತೋಷದಿಂದಲೇ ಬೆಂಬಲಿಸಿದರು. ಉದಾರವಾದಿ ರಷ್ಯನ್ ಕೆಡೆಟ್ ಪಕ್ಷದವರೂ ಸೋಷಲಿಸ್ಟ್ ರೆವಲ್ಯೂಷನರಿಗಳೂ ವಿರೋಧಿಸಿದರು. ದಾಶ್ನಾಕರಿಗೆ ಅದು ಉಗುಳಲೂ ಆಗದ, ನುಂಗಲೂ ಆಗದ ಬಿಸಿತುಪ್ಪ: ವಿರೋಧಿಸಿದರೆ ತುರ್ಕರ ಎದುರು ಒಬ್ಬಂಟಿಯಾಗುವ ಭಯ, ಒಪ್ಪಿದರೆ ರಷ್ಯದ ಕೈತಪ್ಪುವ ಭಯ. ಕೊನೆಗೆ ಒಪ್ಪಿದರು. ಶಾಂತಿಪತ್ರಕ್ಕೆ ರುಜು ಹಾಕುವ ಅಧಿಕಾರಕ್ಕಾಗಿ ಒಂದು ದೇಶ ಹುಟ್ಟಿತು ಎಂದರೆ ಅತಿಶಯೋಕ್ತಿಯಾಗಲಾರದು.

ಪ್ರಶ್ನೆ: ಮೂರು ಭಾಷೆ, ಮೂರು ಲಿಪಿ, ಎರಡು ಧರ್ಮಗಳ ಆ ಜನ ಒಂದೇ ಸಭೆಯಲ್ಲಿ ಯಾವ ಭಾಷೆಯಲ್ಲಿ ಮಾತನಾಡುತ್ತಿದ್ದರು? ಅವರಿಗೆ ಸ್ವಂತ ಹಣವಿತ್ತೇ? (ನಾಣ್ಯ ಮತ್ತು ನೋಟುಗಳ ಸಂಗ್ರಾಹಕರು)

ಉತ್ತರ: ಸಭೆಯಲ್ಲಿ ಎಲ್ಲರಿಗೂ ಸಮಾನವಾಗಿ ಬರುತ್ತಿದ್ದ ಭಾಷೆ ರಷ್ಯನ್. ಯಾವ ಸಾಮ್ರಾಜ್ಯದಿಂದ ಬೇರೆಯಾದರೋ ಅದರ ಭಾಷೆಯಲ್ಲೇ ಬೇರೆಯಾದ ಮಾತನ್ನೂ ಆಡಬೇಕಾಯಿತು. ಸೇಮ್ ಸೇರುತ್ತಿದ್ದ ಕಟ್ಟಡವೂ ಚಕ್ರವರ್ತಿಯ ಪ್ರತಿನಿಧಿ ವಾಸವಾಗಿದ್ದ ಅರಮನೆಯೇ. ಆ ಅರಮನೆ ಇಂದಿನ ರುಸ್ತವೇಲಿ ಬೀದಿಯಲ್ಲಿ ಈಗಲೂ ನಿಂತಿದೆ.

ಸಂಗ್ರಾಹಕರಾದ ನಿಮಗೆ ನೋಟಿನ ವಿಷಯ ಇಷ್ಟವಾದೀತು. ಸ್ವಾತಂತ್ರ್ಯಕ್ಕೆ ಮುಂಚೆಯೇ, ತಾತ್ಕಾಲಿಕ ಆಡಳಿತ ಮಂಡಳಿಯ ಹೆಸರಿನಲ್ಲಿ, 1ರಿಂದ 250 ರೂಬಲ್‌ವರೆಗಿನ ಕಾಗದದ ನೋಟುಗಳು ಅಚ್ಚಾದವು. ಅವುಗಳ ಮುಂಬದಿಯಲ್ಲಿ ರಷ್ಯನ್ ಬರಹ. ತಿರುಗಿಸಿದರೆ ದುಂಡು ದುಂಡಾದ ಜಾರ್ಜಿಯನ್ ಅಕ್ಷರ, ಸಾಲಾಗಿ ನಿಂತ ಆರ್ಮೇನಿಯನ್ ಅಕ್ಷರ, ಬಲದಿಂದ ಎಡಕ್ಕೆ ಹರಿಯುವ ಅರಬ್ಬಿ ಲಿಪಿಯ ಅಜರ್‌ಬೈಜಾನಿ, ಈ ಮೂರೂ ಒಂದೇ ಕಾಗದದ ಬೆನ್ನಿನ ಮೇಲೆ. ರಾಜ್ಯಕ್ಕೆ ಒಂದು ಸಂವಿಧಾನವನ್ನು ಬರೆದುಕೊಳ್ಳಲು ಅವರಿಗೆ ಬಿಡುವಾಗಲಿಲ್ಲ. ಮೂರು ಜನರನ್ನೂ ಸರಿಸಮನಾಗಿ ಕೂರಿಸಿದ ಬರಹಕ್ಕೆ ಉದಾಹರಣೆ ಕೇಳಿದರೆ ನಾವು ಈ ನೋಟನ್ನೇ ತೋರಿಸುತ್ತೇವೆ. ರಾಜ್ಯ ಹೋದ ಮೇಲೂ ನೋಟು ಹೋಗಲಿಲ್ಲ. ಹೊಸ ಮೂರು ದೇಶಗಳ ಸಂತೆಗಳಲ್ಲಿ, ಅವು ತಂತಮ್ಮ ನೋಟು ಅಚ್ಚು ಹಾಕಿಸಿಕೊಳ್ಳುವವರೆಗೂ, ಅದು ಚಲಾವಣೆಯಲ್ಲಿತ್ತು.

ಪ್ರಶ್ನೆ: ಈ ಗಣರಾಜ್ಯವನ್ನು ಕೊಂದವರು ತುರ್ಕರೇ, ಜರ್ಮನ್ನರೇ, ಅಥವಾ ಅದರ ಒಳಗಿನವರೇ? (ನಿವೃತ್ತ ಅಧ್ಯಾಪಕರು)

ಉತ್ತರ: ಮೂವರ ಕೈಯೂ ಇದೆ, ಆದರೆ ಸಮಪಾಲು ಹಂಚುವುದು ಸರಿಯಲ್ಲ. ಒಳಗಿನ ಬಿರುಕು ಮೊದಲಿನಿಂದಲೂ ಇತ್ತು; ಹೊರಗಿನವರು ಅದರೊಳಗೆ ಬೆಣೆ ಹೊಡೆದರು.

ಒಳಗಿನದನ್ನು ಮೊದಲು ಹೇಳುತ್ತೇವೆ. ಎದುರಿಗೆ ಬರುತ್ತಿದ್ದ ತುರ್ಕಿ ಸೇನೆ ಆರ್ಮೇನಿಯನ್ನರಿಗೆ ಮೃತ್ಯುವಿನಂತೆ ಕಂಡಿತು. ಆಗಿನ ಕಾಗದಪತ್ರಗಳಲ್ಲಿ ‘ಮುಸ್ಲಿಮರು’ ಅಥವಾ ‘ತಾತಾರರು’ ಎಂದು ಕರೆಸಿಕೊಳ್ಳುತ್ತಿದ್ದ ಅಜರ್‌ಬೈಜಾನಿಗಳಿಗೆ ಅದೇ ಸೇನೆ ಭಾಷೆಯಲ್ಲೂ ಧರ್ಮದಲ್ಲೂ ನಂಟರ ಸೇನೆ. ಏಪ್ರಿಲ್‌ನ ಯುದ್ಧ ಘೋಷಣೆಗೆ ಮೊದಲೇ ಅವರ ಪ್ರತಿನಿಧಿಗಳು, ಸಹಧರ್ಮೀಯರ ಮೇಲೆ ತಾವು ಆಯುಧ ಎತ್ತಲಾರೆವೆಂದು ಸಭೆಯಲ್ಲಿ ತಿಳಿಸಿದ್ದರು. ಅವರಿಗೂ ತಮ್ಮದೇ ಗಾಯಗಳಿದ್ದವು: ಮಾರ್ಚ್‌ನ ಕೊನೆಯ ದಿನಗಳಲ್ಲಿ ಬಾಕು ನಗರದ ಬೀದಿಗಳಲ್ಲಿ ಬೊಲ್ಷೆವಿಕರೂ ದಾಶ್ನಾಕರ ಪಡೆಗಳೂ ಒಂದು ಕಡೆ ಸೇರಿ ನಡೆಸಿದ ಕಾಳಗದಲ್ಲಿ ಸಾವಿರಾರು ಮುಸ್ಲಿಮರು ಹತರಾಗಿದ್ದರು. ಜಾರ್ಜಿಯನ್ನರದು ಇಬ್ಬರ ನಡುವಣ ಸ್ಥಿತಿ. ಬಾತುಮ್ ಕಳೆದುಕೊಂಡ ನೋವು ಇತ್ತು, ಉಳಿದದ್ದನ್ನಾದರೂ ಉಳಿಸಿಕೊಳ್ಳುವ ಚಿಂತೆ ಅದಕ್ಕಿಂತ ದೊಡ್ಡದಾಗಿತ್ತು. ಎತ್ತು ಏರಿಗೆ, ಕೋಣ ನೀರಿಗೆ ಎಂಬ ಗಾದೆಯಲ್ಲಿ ಎರಡೇ ಪ್ರಾಣಿಗಳಿವೆ. ಇಲ್ಲಿ ಮೂರನೆಯದೂ ನೊಗ ಕಳಚಿಕೊಳ್ಳಲು ನೋಡುತ್ತಿತ್ತು.

ಕಾರ್ಸ್ ಕೋಟೆಯ ಪ್ರಸಂಗ ಇದನ್ನೆಲ್ಲ ಒಂದೇ ವಾರದಲ್ಲಿ ಬಯಲು ಮಾಡಿತು. ಹೊಸ ರಾಜ್ಯಕ್ಕೆ ಪ್ರಧಾನಿಯಾಗಿ ನಿಯುಕ್ತರಾದ ಚ್ಖೆಂಕೆಲಿ, ಸಂಪುಟಕ್ಕೆ ಸೇಮ್‌ನ ಅಂಗೀಕಾರ ಸಿಗುವ ಮೊದಲೇ, ಕಾರ್ಸ್ ಅನ್ನು ತುರ್ಕರಿಗೆ ಒಪ್ಪಿಸುವಂತೆ ಆದೇಶಿಸಿದರು. ಆರ್ಮೇನಿಯನ್ ಪಡೆಗಳು ಕಾಯುತ್ತಿದ್ದ ಆ ಕೋಟೆಯನ್ನು ಏಪ್ರಿಲ್ 25ರಂದು ತೆರವು ಮಾಡಬೇಕಾಯಿತು. ಅವರ ಹಿಂದೆಯೇ ನಾಗರಿಕರೂ ಗಂಟುಮೂಟೆ ಕಟ್ಟಿ ಪೂರ್ವಕ್ಕೆ ಹೊರಟರು. ಕೆರಳಿದ ದಾಶ್ನಾಕರು ಚ್ಖೆಂಕೆಲಿಯನ್ನು ಇಳಿಸಬೇಕೆಂದಾಗ, ಹಾಗಾದರೆ ನಿಮ್ಮವರೇ ಒಬ್ಬರು ಪ್ರಧಾನಿಯಾಗಲಿ ಎಂಬ ಮಾತು ಬಂತು. ಅವರು ಹಿಂಜರಿದರು. ಆರ್ಮೇನಿಯನ್ ಪ್ರಧಾನಿ ಎಂದರೆ ಯುದ್ಧ ಮುಂದುವರಿಯುತ್ತದೆ ಎಂದೇ ಎಲ್ಲರೂ ಅರ್ಥಮಾಡಿಕೊಳ್ಳುತ್ತಿದ್ದರು, ಆ ಯುದ್ಧದ ಮೊದಲ ಪೆಟ್ಟು ಬೀಳುವುದು ತಮ್ಮ ಮೇಲೆಯೇ ಎಂದು ಅವರಿಗೆ ಗೊತ್ತಿತ್ತು. ಚ್ಖೆಂಕೆಲಿಯ ಸಂಪುಟವನ್ನೇ ಏಪ್ರಿಲ್ 26ರಂದು ಎಲ್ಲರೂ ಸೇರಿ ಅಂಗೀಕರಿಸಿದರು. ಎರಡು ದಿನಗಳ ಬಳಿಕ ತುರ್ಕರು ಗಣರಾಜ್ಯಕ್ಕೆ ಮಾನ್ಯತೆ ನೀಡಿದರು.

ಸಂಪತ್ತಿನ ಲೆಕ್ಕದಲ್ಲೂ ರಾಜ್ಯ ಅರ್ಧಂಬರ್ಧವಾಗಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಗತ್ತಿನ ತೈಲದ ಸುಮಾರು ಅರ್ಧದಷ್ಟನ್ನು ಹೊರತೆಗೆಯುತ್ತಿದ್ದ ಬಾಕು, ಸ್ಟೆಪಾನ್ ಶೌಮ್ಯಾನ್ ನೇತೃತ್ವದ ಬೊಲ್ಷೆವಿಕರ ಕೈಯಲ್ಲಿತ್ತು. ಟಿಫ್ಲಿಸ್‌ನ ಆಜ್ಞೆ ಅಲ್ಲಿ ನಡೆಯುತ್ತಿರಲಿಲ್ಲ. ಬಾಕುವಿನಿಂದ ಹೊರಟ ರೈಲು ಹಳಿಯ ಇನ್ನೊಂದು ತುದಿ ಬಾತುಮ್, ಅದು ತುರ್ಕರ ಕೈಯಲ್ಲಿ. ಹಳಿಯ ಎರಡು ತುದಿಯೂ ಕೈತಪ್ಪಿ ನಡುವಣ ನಿಲ್ದಾಣಗಳಷ್ಟೇ ಗಣರಾಜ್ಯಕ್ಕೆ ಉಳಿದಿದ್ದವು.

ಇನ್ನು ಹೊರಗಿನವರು. ಮೇ 11ರಂದು ಬಾತುಮ್‌ನಲ್ಲಿ ಮತ್ತೆ ಸಂಧಾನ ಶುರುವಾದಾಗ ತುರ್ಕಿ ನಿಯೋಗದ ಮುಖ್ಯಸ್ಥ ಹಲೀಲ್ ಬೇ, ಬ್ರೆಸ್ಟ್ ಒಪ್ಪಂದ ಈಗ ಸಾಲದೆಂದರು. ಯುದ್ಧ ಘೋಷಿಸಿ ರಕ್ತ ಹರಿಸಿದವರು ನೀವು, ಆದ್ದರಿಂದ ಅಖಾಲ್‌ತ್ಸಿಖೆ, ಅಖಾಲ್‌ಕಲಾಕಿ, ಅಲೆಕ್ಸಾಂಡ್ರೊಪೋಲ್ ಮೊದಲಾದ ಪ್ರದೇಶಗಳೂ ಜುಲ್ಫಾದ ಕಡೆಗೆ ಹೋಗುವ ರೈಲು ಮಾರ್ಗವೂ ಬೇಕು ಎಂಬುದು ಅವರ ಹೊಸ ಬೇಡಿಕೆ. ಮಾತುಕತೆ ಮುಗಿಯುವವರೆಗೂ ಅವರ ಸೇನೆ ಕಾಯಲಿಲ್ಲ. ಇಂದು ಗ್ಯುಮ್ರಿ ಎಂದು ಕರೆಯುವ ಅಲೆಕ್ಸಾಂಡ್ರೊಪೋಲ್ ಅನ್ನು ಮೇ 15ರಂದೇ ಹಿಡಿಯಿತು.

ಜರ್ಮನಿಯ ಪಾತ್ರ ಇದಕ್ಕಿಂತ ನಯವಾದದ್ದು. ಮಹಾಯುದ್ಧದಲ್ಲಿ ಅದು ತುರ್ಕರ ಮಿತ್ರ. ಆದರೆ ಬಾಕುವಿನ ತೈಲ ಮತ್ತು ಜಾರ್ಜಿಯಾದ ಚಿಯಾತುರದ ಮ್ಯಾಂಗನೀಸ್ ಅದಿರು ಪೂರ್ತಿಯಾಗಿ ಮಿತ್ರನ ಪಾಲಾಗುವುದು ಬರ್ಲಿನ್‌ಗೆ ಬೇಕಿರಲಿಲ್ಲ. ಬಾತುಮ್‌ನಲ್ಲಿ ವೀಕ್ಷಕರಾಗಿದ್ದ ಜನರಲ್ ಓಟೊ ಫಾನ್ ಲೋಸೋವ್ ಮಧ್ಯಸ್ಥಿಕೆಗೆ ಮುಂದಾದರು, ತುರ್ಕರು ಒಪ್ಪಲಿಲ್ಲ. ಅಷ್ಟರಲ್ಲಿ ಜಾರ್ಜಿಯನ್ ನಾಯಕರು ಗುಟ್ಟಾಗಿ ಅವರೊಡನೆ ಮಾತುಕತೆ ನಡೆಸಿ, ತಾವು ಪ್ರತ್ಯೇಕ ದೇಶವಾದರೆ ಜರ್ಮನಿ ರಕ್ಷಣೆ ಕೊಡುತ್ತದೆ ಎಂಬುದನ್ನು ಖಚಿತಪಡಿಸಿಕೊಂಡಿದ್ದರು. ಅದಾದ ಮೇಲೆ ಒಕ್ಕೂಟದಲ್ಲಿ ಉಳಿಯಲು ಅವರಿಗೆ ಕಾರಣವೇ ಇರಲಿಲ್ಲ.

ಇದನ್ನು ದ್ರೋಹವೆಂದು ಕರೆಯುವವರಿದ್ದಾರೆ. ಹಾಗೆನ್ನಲು ನಮಗೆ ಮನಸ್ಸಿಲ್ಲವಾದರೂ, ಆರ್ಮೇನಿಯನ್ನರು ಹಾಗೆ ಭಾವಿಸಿದ್ದರೆ ಅವರನ್ನು ದೂರುವಂತಿಲ್ಲ. ಟಿಫ್ಲಿಸ್‌ನಲ್ಲಿ ಒಕ್ಕೂಟ ಮುರಿಯುವ ಮಾತು ನಡೆಯುತ್ತಿದ್ದ ಅದೇ ದಿನಗಳಲ್ಲಿ ಅವರ ರೈತರೂ ಸೈನಿಕರೂ ಯೆರೆವಾನ್ ನಗರದ ಹೊರಗಿನ ಸರ್ದಾರಾಪಾತ್, ಬಾಶ್ ಅಬರಾನ್ ಮತ್ತು ಉತ್ತರದ ಕಾರಾಕಿಲಿಸಾದಲ್ಲಿ ತುರ್ಕಿ ಸೇನೆಯನ್ನು ಎದುರಿಸಿ ನಿಂತಿದ್ದರು.

ಮೇ 26ರ ಮಧ್ಯಾಹ್ನ ಸೇಮ್ ಕೊನೆಯ ಬಾರಿಗೆ ಸೇರಿತು. ಸ್ವಾತಂತ್ರ್ಯದ ಸುತ್ತ ಕಾಕಸಸ್‌ನ ಜನರೆಲ್ಲ ಒಂದಾಗಲಿಲ್ಲ, ರಾಜ್ಯ ಒಡೆದುಹೋಗಿರುವುದು ಆಗಲೇ ನಡೆದುಹೋದ ಸಂಗತಿ ಎಂಬರ್ಥದ ಮಾತುಗಳನ್ನು ತ್ಸೆರೆತೆಲಿ ಆಡಿದರು. ಯುದ್ಧ ಮತ್ತು ಶಾಂತಿಯ ಪ್ರಶ್ನೆಯಲ್ಲಿ ಮೂಲಭೂತ ಭಿನ್ನಾಭಿಪ್ರಾಯ ಇರುವುದರಿಂದ ಒಂದೇ ಸರ್ಕಾರ ನಡೆಸುವುದು ಅಸಾಧ್ಯ ಎಂಬ ಕಾರಣ ಕೊಟ್ಟು ಸೇಮ್ ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಅದೇ ಸಂಜೆ, ಅದೇ ಅರಮನೆಯಲ್ಲಿ ಜಾರ್ಜಿಯಾದ ರಾಷ್ಟ್ರೀಯ ಮಂಡಳಿ ಸೇರಿ ಜಾರ್ಜಿಯಾ ಸ್ವತಂತ್ರವೆಂದು ಸಾರಿತು.

ಪ್ರಶ್ನೆ: ಆ ಸಂಪುಟದಲ್ಲಿದ್ದವರು ಮುಂದೆ ಏನಾದರು? (ಒಬ್ಬ ಗೃಹಿಣಿ)

ಉತ್ತರ: ಅಧಿಕಾರದಲ್ಲೇ ಉಳಿದರು, ದೇಶ ಮಾತ್ರ ಬೇರೆ ಬೇರೆಯಾಯಿತು. ಒಕ್ಕೂಟದ ಗೃಹಮಂತ್ರಿ ನೋಯ್ ರಾಮಿಶ್ವಿಲಿ ಜಾರ್ಜಿಯಾದ ಮೊದಲ ಪ್ರಧಾನಿಯಾದರು. ನ್ಯಾಯಮಂತ್ರಿ ಫತಲಿ ಖಾನ್ ಖೋಯ್ಸ್‌ಕಿ ಅಜರ್‌ಬೈಜಾನ್‌ನ ಮೊದಲ ಪ್ರಧಾನಿ. ಜನಕಲ್ಯಾಣ ಮಂತ್ರಿ ಹೋವ್ಹನ್ನೆಸ್ ಕಾಜಜ್ನುನಿ ಆರ್ಮೇನಿಯಾದ ಮೊದಲ ಪ್ರಧಾನಿ. ಒಂದೇ ಮೇಜಿನ ಸುತ್ತ ಒಂದು ತಿಂಗಳು ಕುಳಿತ ಮೂವರು ಹೀಗೆ ಮೂರು ನೆರೆ ದೇಶಗಳನ್ನು ಆಳತೊಡಗಿದರು. ಆ ದೇಶಗಳು ಬೇಗನೆ ಗಡಿಗಾಗಿ ಒಂದರ ಮೇಲೊಂದು ಸೇನೆ ಕಳಿಸಿದವು. ಚ್ಖೆಂಕೆಲಿ ಜಾರ್ಜಿಯಾದ ವಿದೇಶಾಂಗ ಮಂತ್ರಿಯಾದರು. ಬಹುಕಾಲ ಟಿಫ್ಲಿಸ್‌ನ ಮೇಯರ್ ಆಗಿದ್ದ, ಒಕ್ಕೂಟದ ಹಣಕಾಸು ಮಂತ್ರಿ ಅಲೆಕ್ಸಾಂಡರ್ ಖಾತಿಸ್ಯಾನ್ ಅವರೂ ಮುಂದೆ ಆರ್ಮೇನಿಯಾದ ಪ್ರಧಾನಿಯಾದರು.

ಪ್ರಶ್ನೆ: ಸೋವಿಯತ್ ಒಕ್ಕೂಟದಲ್ಲಿದ್ದ ಟ್ರಾನ್ಸ್‌ಕಾಕೇಸಿಯನ್ ಗಣರಾಜ್ಯವೂ ಇದೂ ಒಂದೇ ತಾನೆ? ಮತ್ತೊಂದು ಸಂದೇಹ: ಒಂದೇ ರಾಜ್ಯ ಒಡೆದು ಆದ ಮೂರು ದೇಶಗಳಲ್ಲಿ ಜಾರ್ಜಿಯಾದ ಹಬ್ಬ ಮೇ 26ಕ್ಕೆ, ಉಳಿದೆರಡರದು ಮೇ 28ಕ್ಕೆ ಏಕೆ? (ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು)

ಉತ್ತರ: ಒಂದೇ ಅಲ್ಲ. ಪರೀಕ್ಷೆಯಲ್ಲಿ ಎಡವುವುದು ಇಲ್ಲಿಯೇ. 1920 ಮತ್ತು 1921ರಲ್ಲಿ ಕೆಂಪು ಸೇನೆ ಮೂರೂ ದೇಶಗಳನ್ನು ವಶಪಡಿಸಿಕೊಂಡ ಮೇಲೆ, 1922ರ ಮಾರ್ಚ್‌ನಲ್ಲಿ ಬೊಲ್ಷೆವಿಕರು ಅವುಗಳನ್ನು ಮತ್ತೆ ಒಂದು ಒಕ್ಕೂಟವಾಗಿ ಜೋಡಿಸಿದರು. ಅದು 1936ರ ಡಿಸೆಂಬರ್‌ವರೆಗೆ ಇತ್ತು. ಹೆಸರಿನಲ್ಲಿ ಹೋಲಿಕೆ ಇದೆಯೇ ಹೊರತು 1918ರ ರಾಜ್ಯವನ್ನು ಅದು ತನ್ನ ಪೂರ್ವಜನೆಂದು ಒಪ್ಪಿಕೊಳ್ಳಲಿಲ್ಲ.

ತಾರೀಖಿನ ವ್ಯತ್ಯಾಸಕ್ಕೆ ಕಾರಣ ಸರಳ. ಜಾರ್ಜಿಯಾ ಹೊರನಡೆದ ಮೇಲೆ ಉಳಿದಿಬ್ಬರಿಗೆ ತಮ್ಮ ಗತಿಯೇನೆಂದು ಯೋಚಿಸಲು ಎರಡು ದಿನ ಹಿಡಿಯಿತು. ಅಜರ್‌ಬೈಜಾನಿಗಳ ರಾಷ್ಟ್ರೀಯ ಮಂಡಳಿ ಮೇ 28ರಂದು ಟಿಫ್ಲಿಸ್‌ನಲ್ಲೇ ಸೇರಿ, 24 ಮತಗಳಿಂದ, ಇಬ್ಬರು ತಟಸ್ಥರಾಗಿ ಉಳಿದು, ಸ್ವಾತಂತ್ರ್ಯದ ನಿರ್ಣಯವನ್ನು ಅಂಗೀಕರಿಸಿತು. ತಮ್ಮ ದೇಶದ ಹೊರಗೆ, ಇನ್ನೊಂದು ದೇಶದ ರಾಜಧಾನಿಯಲ್ಲಿ ಕುಳಿತು ದೇಶ ಘೋಷಿಸಿದ ಅವರು ಜೂನ್‌ನಲ್ಲಿ ಅಜರ್‌ಬೈಜಾನ್‌ನ ಗ್ಯಾಂಜಾ ನಗರಕ್ಕೆ ತೆರಳಿದರು. ಬಾಕು ಅವರಿಗೆ ದಕ್ಕಿದ್ದು ಸೆಪ್ಟೆಂಬರ್‌ನಲ್ಲಿ.

ಆರ್ಮೇನಿಯನ್ನರ ಕಥೆ ಇನ್ನೂ ವಿಚಿತ್ರ. ಅವರ ರಾಷ್ಟ್ರೀಯ ಮಂಡಳಿಯೂ ಆಗ ಟಿಫ್ಲಿಸ್‌ನಲ್ಲಿಯೇ ಇತ್ತು. ಅದು ಪ್ರಕಟಣೆಯನ್ನು ಹೊರಡಿಸಿದ್ದು ಮೇ 30ರಂದು, ಜಾರಿಯ ದಿನವನ್ನು ಮಾತ್ರ ಮೇ 28ಕ್ಕೆ ಲೆಕ್ಕ ಹಿಡಿಯಲಾಯಿತು. ಆ ಪ್ರಕಟಣೆಯನ್ನು ಓದಿದರೆ ‘ಸ್ವಾತಂತ್ರ್ಯ’ ಎಂಬ ಪದವಾಗಲಿ ‘ಗಣರಾಜ್ಯ’ ಎಂಬ ಪದವಾಗಲಿ ಅದರಲ್ಲಿ ಸಿಗುವುದಿಲ್ಲ. ಆರ್ಮೇನಿಯನ್ ಪ್ರಾಂತಗಳ ಸರ್ವೋಚ್ಚ ಮತ್ತು ಏಕೈಕ ಆಡಳಿತ ತಾನೇ ಎಂದಷ್ಟೇ ಮಂಡಳಿ ಹೇಳಿಕೊಂಡಿದೆ. ಯುದ್ಧಭೂಮಿಯಿಂದ ಏನು ಸುದ್ದಿ ಬರುತ್ತದೋ, ಬಾತುಮ್‌ನಲ್ಲಿ ಎಷ್ಟು ನೆಲ ಉಳಿಯುತ್ತದೋ ಆಗಿನ್ನೂ ನಿಶ್ಚಯವಾಗಿರಲಿಲ್ಲ. ಜೂನ್ 4ರಂದು ತುರ್ಕರು ಮೂರು ದೇಶಗಳೊಡನೆಯೂ ಪ್ರತ್ಯೇಕ ಒಪ್ಪಂದಗಳಿಗೆ ಸಹಿ ಹಾಕಿಸಿಕೊಂಡರು, ಏಪ್ರಿಲ್‌ನಲ್ಲಿ ಒಂದೇ ಸಹಿ ಸಾಕೆಂದಿದ್ದವರಿಗೆ ಮೂರು ಸಹಿಗಳು ಸಿಕ್ಕವು. ಆರ್ಮೇನಿಯಾದ ಸರ್ಕಾರ ತನ್ನ ರಾಜಧಾನಿ ಯೆರೆವಾನ್ ತಲುಪುವ ಹೊತ್ತಿಗೆ ಜುಲೈ ಅರ್ಧ ಕಳೆದಿತ್ತು.